ನರ್ಸ್ ನೇಮಕಾತಿ ಮೇಳ: ಮೊದಲು ಷರತ್ತು, ಆಮೇಲೆ ಸಂದರ್ಶನ

ನರ್ಸಿಂಗ್ ಅಂತಿಮ ವರ್ಷದ ಪರೀಕ್ಷೆ ಮುಗಿಯುವ ಹೊತ್ತಿಗೆ ಬೆಂಗಳೂರಿನ ಕಲ್ಯಾಣ ನಗರ, ಬಾಣಸವಾಡಿ, ಹೆಣ್ಣೂರು ಕಡೆಯ ಹಾಸ್ಟೆಲ್ಲು, ಪಿ.ಜಿ.ಗಳಲ್ಲಿ ವಾಟ್ಸ್‌ಆ್ಯಪ್ ಪೋಸ್ಟರ್‌ಗಳ ಓಡಾಟ ಶುರುವಾಗುತ್ತದೆ. ಮೇಲೆ ಆಸ್ಪತ್ರೆ ಸಮೂಹದ ಲಾಂಛನ, ನಡುವೆ ನಗುಮುಖದ ಹುಡುಗಿ, ಕೆಳಗೆ ಸಂದರ್ಶನದ ದಿನಾಂಕ. ಜಿಎನ್‌ಎಂ, ಬಿ.ಎಸ್ಸಿ ಎರಡಕ್ಕೂ ಅವಕಾಶ, ಫ್ರೆಷರ್‌ಗಳೂ ಬರಬಹುದು, ಆಫರ್ ಲೆಟರ್ ಸ್ಥಳದಲ್ಲೇ. ಎಲ್ಲ ವಿವರವೂ ಇರುವ ಆ ಪೋಸ್ಟರಿನಲ್ಲಿ ಸಂಬಳದ ಅಂಕಿ ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ಎಷ್ಟು ರೋಗಿಗಳನ್ನು ನೋಡಿಕೊಳ್ಳಬೇಕು, ಎಷ್ಟು ವರ್ಷ ಬಿಟ್ಟು ಹೋಗುವಂತಿಲ್ಲ ಎಂಬುದೂ ಇರುವುದಿಲ್ಲ. ಬೆಲೆ ಬರೆಯದ ಪೊಟ್ಟಣವನ್ನು ಅಂಗಡಿಯಲ್ಲಿ ಮಾರಾಟಕ್ಕಿಟ್ಟರೆ ತೂಕ–ಅಳತೆ ಇಲಾಖೆ ದಂಡ ಹಾಕುತ್ತದೆ. ಇಪ್ಪತ್ತೊಂದು–ಇಪ್ಪತ್ತೆರಡರ ಹರೆಯದವರ ಮುಂದಿನ ಎರಡು ಮೂರು ವರ್ಷಗಳನ್ನು ಗೊತ್ತುಮಾಡುವ ಮೇಳಕ್ಕೆ ಅಂಥ ಯಾವ ನಿಯಮವೂ ಇಲ್ಲ. ಈ ಲೇಖನ ಕೇಳುವುದು ಒಂದನ್ನೇ: ಹೊಸ ನರ್ಸ್‌ಗಳನ್ನು ಆರಿಸಿಕೊಳ್ಳಲು ಕಾಲೇಜಿಗೆ ಬರುವ ಆಸ್ಪತ್ರೆ, ಸಂದರ್ಶನಕ್ಕೆ ಕನಿಷ್ಠ ಒಂದು ವಾರ ಮೊದಲು, ತನ್ನ ಷರತ್ತುಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ನೋಟಿಸ್ ಬೋರ್ಡಿಗೆ ಹಾಕಬೇಕು.

ಮೇಳ ನಡೆಯುವ ಬಗೆ ನೋಡಿ. ಮೊದಲು ಒಂದು ಸಣ್ಣ ಲಿಖಿತ ಪರೀಕ್ಷೆ. ಐನೂರು ಎಂ.ಎಲ್. ಸಲೈನ್ ಎಂಟು ಗಂಟೆಯಲ್ಲಿ ಹೋಗಬೇಕಾದರೆ ನಿಮಿಷಕ್ಕೆ ಎಷ್ಟು ಹನಿ ಬಿಡಬೇಕು ಎಂಬಂಥ ಲೆಕ್ಕಗಳು. ಲೆಕ್ಕ ತಪ್ಪಿದವರು ಅಲ್ಲೇ ಮನೆಗೆ. ಪಾಸಾದವರು ನರ್ಸಿಂಗ್ ಸೂಪರಿಂಟೆಂಡೆಂಟ್ ಎದುರು ಕೂತು, ಆಮೇಲೆ ಎಚ್‌ಆರ್ ಮೇಜಿಗೆ ಬರುತ್ತಾರೆ. ಅಷ್ಟು ಕರಾರುವಾಕ್ಕಾಗಿ ಹನಿ ಎಣಿಸಿದ ಹುಡುಗಿಗೆ ತನ್ನ ಸಂಬಳದ ಲೆಕ್ಕ ಹಾಕಲು ಬೇಕಾದ ಅಂಕಿಗಳನ್ನು ಅಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ. ಹೇಳುವುದು 'ಸಿಟಿಸಿ', ಎಂದರೆ ಆಕೆಗಾಗಿ ಆಸ್ಪತ್ರೆ ಮಾಡುವ ಒಟ್ಟು ಖರ್ಚು ಎಂಬ ಒಂದು ಮೊತ್ತ. ಉದಾಹರಣೆಗೆ ಅದು ತಿಂಗಳಿಗೆ 22,000 ಎನ್ನೋಣ, ಮೂಲ ವೇತನ 13,000. ಸಿಟಿಸಿಯೊಳಗೆ ಆಸ್ಪತ್ರೆ ಕಟ್ಟುವ ಶೇ 12ರ ಪಿಎಫ್ ಪಾಲು ಸೇರಿದೆ, ಅದು 1,560. ಗ್ರಾಚ್ಯುಟಿಗೆಂದು ಮೂಲ ವೇತನದ ಶೇ 4.81 ಸೇರಿದೆ, ಅದು 625. ಇಎಸ್‌ಐಗೆ ಆಸ್ಪತ್ರೆ ಕೊಡುವ ಶೇ 3.25 ಸೇರಿದೆ, ಸುಮಾರು 624. ಇವನ್ನು ಕಳೆದರೆ ಉಳಿಯುವ ಒಟ್ಟು ಸಂಬಳ 19,191. ಇದರಲ್ಲಿ ಆಕೆಯ ಪಾಲಿನ ಪಿಎಫ್ 1,560, ಇಎಸ್‌ಐ ಶೇ 0.75 ಎಂದರೆ 144 ಹಿಡಿದುಕೊಂಡ ಮೇಲೆ ಕೈಗೆ ಬರುವುದು 17,487 ರೂಪಾಯಿ. ಹಾಸ್ಟೆಲ್, ಮೆಸ್ ಖರ್ಚು ಇನ್ನೂ ಬಾಕಿ. ಪಿಎಫ್, ಇಎಸ್‌ಐ ಕೆಟ್ಟದ್ದೆಂದು ಯಾರೂ ಹೇಳುತ್ತಿಲ್ಲ, ಅವು ಇರಲೇಬೇಕು. ಆದರೆ ಇಪ್ಪತ್ತೆರಡು ಎಂದು ಕೇಳಿ ಊರಿಗೆ ಫೋನು ಮಾಡಿದವಳಿಗೆ ಹದಿನೇಳೂವರೆಯ ಸಂಗತಿ ಮೊದಲ ತಿಂಗಳ ಕೊನೆಗೆ ಬ್ಯಾಂಕಿನ ಮೆಸೇಜಿನಿಂದ ತಿಳಿಯಬಾರದು. ಅದರ ಮೇಲೆ, ನರ್ಸಿಂಗ್ ಪರಿಷತ್ತಿನ ನೋಂದಣಿ ಸಂಖ್ಯೆ ಕೈಗೆ ಬರುವ ತನಕ 'ಟ್ರೈನಿ' ಎಂಬ ಹೆಸರಿನಲ್ಲಿ ಇನ್ನೂ ಕಡಿಮೆ ಕೊಡುವ ರೂಢಿ ಬೇರೆ ಇದೆ. ಆ ಅವಧಿ ಎಷ್ಟೆಂದು ಬರೆದುಕೊಡುವವರು ವಿರಳ.

ಇಷ್ಟಕ್ಕೆ ಮೇಳವನ್ನೇ ಏಕೆ ಹಿಡಿಯಬೇಕು, ನ್ಯಾಯಾಲಯ–ಸರ್ಕಾರ ಇಲ್ಲವೇ ಎನ್ನಬಹುದು. ಇವೆ, ಪ್ರಯತ್ನವೂ ನಡೆದಿದೆ. ತರಬೇತಾದ ನರ್ಸ್‌ಗಳ ಸಂಘದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2016ರ ಜನವರಿ 29ರಂದು ಕೊಟ್ಟ ನಿರ್ದೇಶನದಂತೆ ಕೇಂದ್ರ ಸರ್ಕಾರ ಒಂದು ಸಮಿತಿ ರಚಿಸಿತು. ಇನ್ನೂರು ಹಾಸಿಗೆ ಮೀರಿದ ಖಾಸಗಿ ಆಸ್ಪತ್ರೆಗಳು ರಾಜ್ಯ ಸರ್ಕಾರದ ನರ್ಸ್‌ಗೆ ಸಮನಾದ ಸಂಬಳ ಕೊಡಬೇಕು, ನೂರಕ್ಕೆ ಮೇಲ್ಪಟ್ಟವು ಅದಕ್ಕಿಂತ ಶೇ 10ಕ್ಕಿಂತ ಹೆಚ್ಚು ಕಡಿಮೆ ಮಾಡಬಾರದು, ಐವತ್ತರಿಂದ ನೂರರವರೆಗಿನವು ಶೇ 25ಕ್ಕಿಂತ ಹೆಚ್ಚು ಕಡಿಮೆ ಮಾಡಬಾರದು, ಐವತ್ತಕ್ಕಿಂತ ಸಣ್ಣ ನರ್ಸಿಂಗ್ ಹೋಂ ಕೂಡ 20,000ಕ್ಕಿಂತ ಇಳಿಯಬಾರದು ಎಂದು ಅದು ಹೇಳಿತು. ಜಾರಿಯ ಹೊಣೆ ರಾಜ್ಯಗಳಿಗೆ ಬಿತ್ತು. ಕೇರಳದ ನರ್ಸ್‌ಗಳು ವರ್ಷಗಟ್ಟಲೆ ಬೀದಿಗಿಳಿದು 2018ರಲ್ಲಿ ಕನಿಷ್ಠ 20,000ದ ಅಧಿಸೂಚನೆ ಹೊರಡಿಸಿಕೊಂಡರು. ಉಳಿದ ಬಹುತೇಕ ಕಡೆ ಶಿಫಾರಸು ಶಿಫಾರಸಾಗಿಯೇ ಕಡತದಲ್ಲಿ ಕೂತಿದೆ. ಮೇಲೆ ಕೊಟ್ಟ ಉದಾಹರಣೆಯ 19,191, ಐವತ್ತು ಹಾಸಿಗೆಯೂ ಇಲ್ಲದ ಆಸ್ಪತ್ರೆಗೆಂದು 2016ರಲ್ಲಿ ಹೇಳಿದ ಮೊತ್ತಕ್ಕಿಂತಲೂ ಕೆಳಗಿದೆ ಎಂಬುದನ್ನು ಗಮನಿಸಿ. ಇದೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರ್ಸಿಂಗ್ ಆಫೀಸರ್ ಹುದ್ದೆಯ ಆರಂಭದ ಮೂಲ ವೇತನವೇ 44,900. ಎರಡೂ ಕಡೆ ಚುಚ್ಚುವ ಸೂಜಿ ಒಂದೇ.

ಕಾನೂನು ಬರುವತನಕ ಕಾಯಬೇಕೆಂದರೆ ಇನ್ನೂ ಎಷ್ಟು ಬ್ಯಾಚ್‌ಗಳು ಹೊರಬೀಳುತ್ತವೋ ಲೆಕ್ಕವಿಲ್ಲ. ಹೊಸ ನರ್ಸ್‌ನ ಕೈ ಸ್ವಲ್ಪವಾದರೂ ಮೇಲಿರುವುದು ಮೇಳದ ದಿನ ಮಾತ್ರ. ಆ ದಿನ ಆಸ್ಪತ್ರೆಯೇ ಆಕೆಯ ಬಾಗಿಲಿಗೆ ಬಂದಿರುತ್ತದೆ. ಹೊಸ ಬ್ಲಾಕು ತೆರೆಯಬೇಕು, ಐಸಿಯು ರೋಸ್ಟರ್ ತುಂಬಬೇಕು, ಕೊಲ್ಲಿ ದೇಶಕ್ಕೋ ಬ್ರಿಟನ್ನಿಗೋ ಹೊರಟವರ ಜಾಗಕ್ಕೆ ಜನ ಬೇಕು. ಸಹಿ ಬಿದ್ದ ಮರುದಿನದಿಂದ ಆ ಬಲ ಅಷ್ಟಿರುವುದಿಲ್ಲ, ಆಸ್ಪತ್ರೆಗಳು ಒಂದರೊಳಗೊಂದು ಸೇರಿಕೊಳ್ಳುತ್ತಿರುವಂತೆ ಅದು ಇನ್ನೂ ಕಡಿಮೆಯಾಗುತ್ತಿದೆ. ಹಳೇ ವಿಮಾನ ನಿಲ್ದಾಣ ರಸ್ತೆಯಲ್ಲಿ 1991ರಲ್ಲಿ ಒಂದು ಆಸ್ಪತ್ರೆಯಾಗಿ ಶುರುವಾದ ಮಣಿಪಾಲ್, 2021ರಲ್ಲಿ ಕೊಲಂಬಿಯಾ ಏಷ್ಯಾದ ಆಸ್ಪತ್ರೆಗಳನ್ನೂ ಕಂಟೋನ್ಮೆಂಟ್ ಕಡೆಯ ವಿಕ್ರಂ ಆಸ್ಪತ್ರೆಯನ್ನೂ ತೆಕ್ಕೆಗೆ ತೆಗೆದುಕೊಂಡಿತು. 2023ರಲ್ಲಿ ಆ ಸಮೂಹದ ಬಹುಪಾಲು ಷೇರು ಸಿಂಗಪುರದ ಟೆಮಾಸೆಕ್ ಕೈಗೆ ಹೋಯಿತು. ಇದರಲ್ಲಿ ತಪ್ಪು ಹುಡುಕಬೇಕಾಗಿಲ್ಲ, ವ್ಯಾಪಾರ ಬೆಳೆಯುವ ರೀತಿಯೇ ಅದು. ಆದರೆ ಕೆಲಸ ಹುಡುಕುವವರ ಕಡೆಯಿಂದ ನೋಡಿದರೆ, ಹೆಬ್ಬಾಳದಲ್ಲೊಂದು, ವೈಟ್‌ಫೀಲ್ಡಿನಲ್ಲೊಂದು, ಮಿಲ್ಲರ್ಸ್ ರಸ್ತೆಯಲ್ಲೊಂದು ಎಂದು ಬೇರೆ ಬೇರೆ ಇದ್ದ ಬಾಗಿಲುಗಳು ಒಂದೇ ಎಚ್‌ಆರ್ ವಿಭಾಗಕ್ಕೆ ತೆರೆದುಕೊಳ್ಳುತ್ತವೆ. ಒಂದು ಕಡೆ ಮುನಿಸಿಕೊಂಡು ಬಿಟ್ಟರೆ ಇನ್ನೊಂದು ಕಡೆ ಸೇರಬಹುದೆಂಬ ಧೈರ್ಯ, ಆಸ್ಪತ್ರೆಗಳು ಸಮೂಹಗಳಾದಷ್ಟೂ ಕುಗ್ಗುತ್ತದೆ. ಹಾಗಿರುವಾಗ ಒಳಹೋಗುವ ಮುಂಚೆಯೇ ಷರತ್ತು ತಿಳಿದಿರುವುದು ಮೊದಲಿಗಿಂತ ಹೆಚ್ಚು ಅಗತ್ಯ.

ಆಸ್ಪತ್ರೆಗಳು ಎತ್ತುವ ಗಟ್ಟಿಯಾದ ಆಕ್ಷೇಪ ಬಾಂಡ್ ಕುರಿತದ್ದು, ಎಂದರೆ ಇಂತಿಷ್ಟು ವರ್ಷ ಬಿಡುವಂತಿಲ್ಲ, ಬಿಟ್ಟರೆ ಹಣ ಕಟ್ಟಬೇಕು ಎಂಬ ಕರಾರಿನದ್ದು; ಅದನ್ನು ತಳ್ಳಿಹಾಕುವಂತಿಲ್ಲ. ಕಾಲೇಜಿನಿಂದ ಬಂದವರಿಗೆ ವೆಂಟಿಲೇಟರ್ ಎದುರು ನಿಲ್ಲುವಷ್ಟು ಕೈ ಪಳಗಿರುವುದಿಲ್ಲ. ನಾವು ಆರು ತಿಂಗಳು ಕಲಿಸುತ್ತೇವೆ. ಎಕ್ಸ್‌ಪೀರಿಯನ್ಸ್ ಸರ್ಟಿಫಿಕೇಟಿಗೆ ಬೇಕಾದಷ್ಟು ಕಾಲ ಇದ್ದು ವಿಮಾನ ಹತ್ತುತ್ತಾರೆ. ಕಲಿಸಿದ ಖರ್ಚು ಯಾರು ತುಂಬಿಕೊಡಬೇಕು ಎನ್ನುತ್ತವೆ. ಕಾನೂನೂ ಪೂರ್ತಿ ಅವುಗಳ ವಿರುದ್ಧ ಇಲ್ಲ. ಬೆಂಗಳೂರಿನಲ್ಲೇ ಕೇಂದ್ರ ಕಚೇರಿ ಇದ್ದ ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮೂರು ವರ್ಷಕ್ಕೆ ಮುಂಚೆ ಬಿಟ್ಟರೆ ಎರಡು ಲಕ್ಷ ಕಟ್ಟಬೇಕೆಂಬ ಷರತ್ತನ್ನು 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ಆದರೆ ತೀರ್ಪನ್ನು ಪೂರ್ತಿ ಓದಬೇಕು. ಆ ಷರತ್ತು ಬ್ಯಾಂಕ್ ಹೊರಡಿಸಿದ್ದ ನೇಮಕಾತಿ ಅಧಿಸೂಚನೆಯಲ್ಲೇ ಅಚ್ಚಾಗಿತ್ತು, ಅರ್ಜಿ ಹಾಕುವವರಿಗೆ ಮುಂಚೆಯೇ ಗೊತ್ತಿತ್ತು. ಹುದ್ದೆ ಹಿರಿಯ ವ್ಯವಸ್ಥಾಪಕರದ್ದು, ಆ ಸಂಬಳಕ್ಕೆ ಎರಡು ಲಕ್ಷ ವಿಪರೀತವಲ್ಲ ಎಂದು ನ್ಯಾಯಾಲಯ ಕಂಡಿತು. ಹದಿನೇಳೂವರೆ ಸಾವಿರ ಕೈಗೆ ಸಿಗುವವರಿಗೆ ಅದೇ ಎರಡು ಲಕ್ಷ ಎಂದರೆ ಹನ್ನೊಂದು ತಿಂಗಳ ಪೂರ್ತಿ ದುಡಿಮೆ. ಕರಾರು ಮುರಿದರೆ ಸಿಗಬೇಕಾದದ್ದು ನ್ಯಾಯೋಚಿತ ಪರಿಹಾರ ಮಾತ್ರ, ಬರೆದ ಮೊತ್ತವೆಲ್ಲ ಅಲ್ಲ ಎಂದು 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಹೇಳುತ್ತದೆ. ನರ್ಸ್‌ಗಳ ವಿಷಯದಲ್ಲಂತೂ, ಸೇವಾ ಬಾಂಡ್ ಪದ್ಧತಿ ಶೋಷಣೆ ಎಂದು ಭಾರತೀಯ ನರ್ಸಿಂಗ್ ಪರಿಷತ್ತು 2011ರಲ್ಲೇ ಸುತ್ತೋಲೆ ಹೊರಡಿಸಿದೆ.

ಬೇರೆ ದೇಶಗಳೂ ಇದೇ ಜಗಳವನ್ನು ಕಂಡಿವೆ. ಅಮೆರಿಕದ ದೊಡ್ಡ ಆಸ್ಪತ್ರೆ ಸಮೂಹವಾದ ಎಚ್‌ಸಿಎ, ಹೊಸದಾಗಿ ಪಾಸಾದ ನರ್ಸ್‌ಗಳಿಗೆ ತರಬೇತಿ ಕೊಟ್ಟು, ಅವಧಿಗೆ ಮುಂಚೆ ಬಿಟ್ಟರೆ ಆ ಖರ್ಚು ವಾಪಸು ಕೊಡಬೇಕೆಂದು ಬರೆಸಿಕೊಳ್ಳುತ್ತಿತ್ತು. ಕ್ಯಾಲಿಫೋರ್ನಿಯಾ, ಕೊಲರಾಡೊ, ನೆವಾಡ ರಾಜ್ಯಗಳು ತನಿಖೆ ನಡೆಸಿ 2025ರಲ್ಲಿ ಸುಮಾರು 29 ಲಕ್ಷ ಡಾಲರ್‌ನ ರಾಜಿ ಒಪ್ಪಂದಕ್ಕೆ ಅದನ್ನು ತಂದವು. ಬ್ರಿಟನ್ ಅಷ್ಟು ದೂರ ಹೋಗಿಲ್ಲ. ಖರ್ಚು ವಸೂಲಿಯ ಷರತ್ತು ಇರಬಹುದು, ಆದರೆ ಅದು ಮೊದಲೇ ತಿಳಿಸಿದ್ದಾಗಿರಬೇಕು, ನಿಜವಾದ ಖರ್ಚಿಗೆ ತಕ್ಕಷ್ಟಿರಬೇಕು, ಕೆಲಸ ಮಾಡಿದ ತಿಂಗಳುಗಳಿಗೆ ತಕ್ಕಂತೆ ಇಳಿಯಬೇಕು ಎಂಬುದು ವಿದೇಶಿ ನರ್ಸ್‌ಗಳ ನೇಮಕಕ್ಕೆ ಅಲ್ಲಿ ಮಾಡಿಕೊಂಡಿರುವ ನೀತಿಸಂಹಿತೆಯ ತಿರುಳು. ನಾನು ಒಪ್ಪುವುದು ಈ ಎರಡನೆಯದನ್ನು. ಕಲಿಸಿದ ಖರ್ಚು ನಿಜವಾಗಿದ್ದರೆ ಅದನ್ನು ಬಿಡಿಬಿಡಿಯಾಗಿ ಬರೆಯಲು ಹಿಂಜರಿಕೆ ಏಕೆ? ಯಾವ ಕೋರ್ಸು, ಎಷ್ಟು ವಾರ, ಯಾರು ಕಲಿಸುತ್ತಾರೆ, ಎಷ್ಟಾಯಿತು. ಕಲಿಸುವವರು ಎನ್ನುವುದು ಬಹಳ ಕಡೆ ಅದೇ ಶಿಫ್ಟಿನಲ್ಲಿ ತನ್ನ ಪಾಲಿನ ರೋಗಿಗಳನ್ನೂ ನೋಡಿಕೊಳ್ಳುವ ಹಿರಿಯ ಸಿಸ್ಟರ್. ಆಕೆಗೆ ಅದಕ್ಕಾಗಿ ಹೆಚ್ಚಿಗೆ ಏನೂ ಸಿಗದಿದ್ದರೆ ಖರ್ಚು ಎಲ್ಲಿಂದ ಬಂತು? ಇನ್ನು ಸೇರಿದವರ ಮೂಲ ಅಂಕಪಟ್ಟಿಯನ್ನು ಆಸ್ಪತ್ರೆ ತನ್ನ ಬಳಿ ಇಟ್ಟುಕೊಳ್ಳುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಅದು ಒತ್ತೆ, ಅಷ್ಟೆ.

ಬಿಟ್ಟುಹೋಗುವುದರ ಕಾರಣವನ್ನು ಹಣದಲ್ಲಿ ಮಾತ್ರ ಹುಡುಕುವುದೂ ತಪ್ಪು. ಕಾಲೇಜಿನಲ್ಲಿ ಕಲಿತ ಶುಶ್ರೂಷೆಗೂ ವಾರ್ಡಿನ ವಾಸ್ತವಕ್ಕೂ ಇರುವ ಕಂದಕಕ್ಕೆ ಬಿದ್ದು ಹೊಸ ನರ್ಸ್‌ಗಳು ವೃತ್ತಿಯಿಂದಲೇ ಹೊರನಡೆಯುತ್ತಾರೆಂದು ಮಾರ್ಲಿನ್ ಕ್ರೇಮರ್ ಎಂಬ ಅಮೆರಿಕದ ಸಂಶೋಧಕಿ 1974ರಲ್ಲೇ ಪುಸ್ತಕ ಬರೆದರು. ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನು ನೋಡಿದ ಲಿಂಡಾ ಏಕನ್ ತಂಡ, ಒಬ್ಬ ನರ್ಸ್‌ಗೆ ಒಬ್ಬೊಬ್ಬ ರೋಗಿ ಹೆಚ್ಚಾದಂತೆ ಶಸ್ತ್ರಚಿಕಿತ್ಸೆಯಾದವರು ತಿಂಗಳೊಳಗೆ ಸಾಯುವ ಸಂಭವ ಶೇ 7ರಷ್ಟು, ನರ್ಸ್ ಬಸವಳಿಯುವ ಸಂಭವ ಶೇ 23ರಷ್ಟು ಏರುವುದನ್ನು 2002ರಲ್ಲಿ ತೋರಿಸಿತು. ನಮ್ಮಲ್ಲಿ ಬೋಧನಾ ಆಸ್ಪತ್ರೆಯ ವಾರ್ಡಿನಲ್ಲಿ ಮೂವರು ರೋಗಿಗೆ ಒಬ್ಬರು, ಸಾಮಾನ್ಯ ಆಸ್ಪತ್ರೆಯಲ್ಲಿ ಐವರಿಗೆ ಒಬ್ಬರು ಎಂಬುದು ನರ್ಸಿಂಗ್ ಪರಿಷತ್ತಿನ ಮಾನದಂಡ. ನೈಟ್ ಡ್ಯೂಟಿಯಲ್ಲಿ ನಿಜಕ್ಕೂ ಎಷ್ಟು ಜನಕ್ಕೆ ಒಬ್ಬರು ಎಂಬ ಪ್ರಶ್ನೆ ಹಾಗಾಗಿ ಸಂಬಳದ ಪ್ರಶ್ನೆಯಷ್ಟೇ ದೊಡ್ಡದು. ಅದು ನರ್ಸ್‌ಗಿಂತ ಮೊದಲು ಹಾಸಿಗೆಯ ಮೇಲೆ ಮಲಗುವ ನಮ್ಮನಿಮ್ಮೆಲ್ಲರ ಪ್ರಶ್ನೆ. ಬೆಳಗಿನ ನಾಲ್ಕು ಗಂಟೆಗೆ ಹನ್ನೆರಡನೆಯ ರೋಗಿಯ ಔಷಧಿ ಚೀಟಿ ಓದುತ್ತಿರುವವಳು ಕೆಲಸಕ್ಕೆ ಸೇರಿ ಮೂರು ವಾರವಷ್ಟೇ ಆಗಿದ್ದರೆ, ಪಕ್ಕದಲ್ಲಿ ಕೇಳಲು ಒಬ್ಬ ಹಿರಿಯರು ಇರಬೇಕೋ ಬೇಡವೋ?

ಕಾಲೇಜುಗಳ ಅಳುಕು ಬೇರೆ. ಇಷ್ಟೆಲ್ಲ ಕೇಳಿದರೆ ಆಸ್ಪತ್ರೆಯವರು ನಮ್ಮ ಕ್ಯಾಂಪಸ್ಸಿಗೆ ಬರುವುದನ್ನೇ ಬಿಟ್ಟು ಪಕ್ಕದ ಕಾಲೇಜಿಗೆ ಹೋಗುತ್ತಾರೆ ಎಂಬ ಭಯ. ಒಂದೇ ಕಾಲೇಜು ಕೇಳಿದರೆ ಹೌದು, ಹೋಗುತ್ತಾರೆ. ಅದಕ್ಕಾಗಿಯೇ ಕೇಳಬೇಕಾದದ್ದು ಕಾಲೇಜಲ್ಲ, ಎಲ್ಲ ಕಾಲೇಜುಗಳ ಮೇಲಿರುವ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ಜಿಎನ್‌ಎಂಗೆ ಡಿಪ್ಲೊಮಾ ಪರೀಕ್ಷಾ ಮಂಡಳಿ. ನಿಯಮ ಎಲ್ಲರಿಗೂ ಒಂದೇ ಆದಾಗ ಪಕ್ಕದ ಕಾಲೇಜು ಎಂಬುದೇ ಇರುವುದಿಲ್ಲ. ಸಣ್ಣ ಆಸ್ಪತ್ರೆಗಳು ಅಷ್ಟು ಸಂಬಳ ಎಲ್ಲಿಂದ ತರಬೇಕು ಎಂಬ ಮಾತೂ ಇದೆ. ಈ ಷರತ್ತುಗಳ ಹಾಳೆ ಕೇಳುವುದು ಹೆಚ್ಚು ಕೊಡಿ ಎಂದಲ್ಲ, ಕೊಡುವುದನ್ನು ಬರೆಯಿರಿ ಎಂದು. ಮನೆಗೆ ಹತ್ತಿರ, ರಾತ್ರಿ ಪಾಳಿ ಕಡಿಮೆ, ಬಾಂಡ್ ಇಲ್ಲ ಎಂದು ಬರೆಯಬಲ್ಲ ಸಣ್ಣ ನರ್ಸಿಂಗ್ ಹೋಂಗೆ ಇದರಿಂದ ಲಾಭವೇ ಆದೀತು. ಇನ್ನು ಫ್ರೆಷರ್‌ಗಳು ಬೇಕಾದಷ್ಟು ಜನ ಇದ್ದಾರೆ, ಒಬ್ಬರಿಲ್ಲದಿದ್ದರೆ ಇನ್ನೊಬ್ಬರು ಎನ್ನುವವರಿಗೆ ಉತ್ತರ ಅವರ ಪೋಸ್ಟರಿನಲ್ಲೇ ಇದೆ. ಬೇಕಾದಷ್ಟು ಜನ ಉಳಿಯುತ್ತಿದ್ದರೆ ವರ್ಷವರ್ಷವೂ ಮೇಳ ಮಾಡಬೇಕಾಗಿರಲಿಲ್ಲ.

ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದು, ನೇಮಕಾತಿ ಪತ್ರ ಕೊಡುವುದು ಕಡ್ಡಾಯವಾಗಿದೆ. ಪತ್ರ ಬರುವುದು ಒಪ್ಪಿದ ಮೇಲೆ. ಒಪ್ಪುವ ಮುಂಚಿನ ವಾರಕ್ಕೆ ಏನೂ ಇಲ್ಲ. ಆ ವಾರದ ಕೊರತೆ ತುಂಬಲು ವಿಧಾನಸಭೆ ಸೇರಬೇಕಿಲ್ಲ, ವಿಶ್ವವಿದ್ಯಾಲಯದ ಒಂದು ಪುಟದ ಸುತ್ತೋಲೆ ಸಾಕು. ಕೈಗೆ ಬರುವ ಸಂಬಳ, ಟ್ರೈನಿ ಅವಧಿ, ಹಗಲು–ರಾತ್ರಿ ಪಾಳಿಯಲ್ಲಿ ಒಬ್ಬ ನರ್ಸ್‌ಗೆ ಎಷ್ಟು ರೋಗಿ, ಹಿರಿಯರ ಜತೆಗೂಡಿ ಎಷ್ಟು ವಾರ ಕೆಲಸ, ಬಾಂಡ್ ಇದ್ದರೆ ಅದರ ಖರ್ಚಿನ ವಿವರ, ಕಳೆದ ವರ್ಷ ಸೇರಿದವರಲ್ಲಿ ಎಷ್ಟು ಮಂದಿ ಈಗಲೂ ಇದ್ದಾರೆ ಎಂಬ ಸಂಖ್ಯೆ. ಇಷ್ಟನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದುಕೊಡದ ಆಸ್ಪತ್ರೆಗೆ ಕ್ಯಾಂಪಸ್ ಪ್ರವೇಶವಿಲ್ಲ ಎಂದು ವಿಶ್ವವಿದ್ಯಾಲಯ ಮುಂದಿನ ಬ್ಯಾಚಿನ ಫಲಿತಾಂಶಕ್ಕೆ ಮುಂಚೆಯೇ ಹೇಳಲಿ. ಅದು ಹೇಳುವತನಕ, ಈ ವರ್ಷ ಮೇಳಕ್ಕೆ ಹೊರಟಿರುವವರು ಅಂಕಪಟ್ಟಿಯ ಜೆರಾಕ್ಸ್ ಮಾತ್ರ ಕೊಡಿ, ಸಹಿ ಹಾಕುವ ಕಾಗದವನ್ನು ಒಂದು ರಾತ್ರಿ ಹಾಸ್ಟೆಲ್ಲಿಗೆ ತಂದು ಓದಿಕೊಳ್ಳಿ.