ಬೆಟ್ಟಿ ಬೂಪಳ ಲಂಗ ಉದ್ದ ಮಾಡಿದವರು ಯಾರು?

ಗೆಳೆಯರೇ, ಕಾರ್ಟೂನು ಅಂದ ಕೂಡಲೇ ನಿಮ್ಮ ಬಾಯಲ್ಲಿ ಬರುವ ಮಾತೇನು? ‘ಅಯ್ಯೋ, ಅದು ಮಕ್ಕಳ ಪಿಚ್ಚರ್ರು ಬಿಡಿ!’ ಸರಿ. ಹಾಗಂತ ನಿಮಗೆ ಹೇಳಿಕೊಟ್ಟವರು ಯಾರು? ಗೆರೆ ಎಳೆದು ಕುಣಿಸುವ ಚಿತ್ರ ಹುಟ್ಟುತ್ತಲೇ ಮಕ್ಕಳ ಸೊತ್ತಾಗಿರಲಿಲ್ಲ. ಅದು ಹಾಗಾದದ್ದರಲ್ಲಿ ಒಂದು ಕತ್ತರಿಯ ಪಾಲು ದೊಡ್ಡದು. ಆ ಕತ್ತರಿಯ ಕತೆ ಕೇಳಿ.

೧೯೩೦ರಲ್ಲಿ ನ್ಯೂಯಾರ್ಕಿನ ಫ್ಲೈಷರ್ ಸೋದರರ ಸ್ಟುಡಿಯೋದಲ್ಲಿ ಬೆಟ್ಟಿ ಬೂಪ್ ಎಂಬ ಹುಡುಗಿ ಹುಟ್ಟಿದಳು. ಮಸಿಯಲ್ಲಿ ಬರೆದ ಹುಡುಗಿ. ತುಂಡು ಲಂಗ, ದೊಡ್ಡ ಕಣ್ಣು, ಬಾಯಿತುಂಬ ಹಾಡು. ೧೯೩೨ರ ಒಂದು ಚಿತ್ರದಲ್ಲಿ ಅವಳು ಸರ್ಕಸ್ಸಿನ ಕೆಲಸಗಾರ್ತಿ. ಸರ್ಕಸ್ಸಿನ ಯಜಮಾನ ಅವಳ ಡೇರೆಗೆ ನುಗ್ಗಿ ಮೈಮೇಲೆ ಕೈ ಹಾಕುತ್ತಾನೆ, ಒಪ್ಪದಿದ್ದರೆ ಕೆಲಸ ಹೋಯಿತು ಎಂದು ಹೆದರಿಸುತ್ತಾನೆ. ಅವಳು ಒಪ್ಪುವುದಿಲ್ಲ! ಕೆಲಸದ ಜಾಗದಲ್ಲಿ ಹೆಣ್ಣಿಗಾಗುವ ಹಿಂಸೆಯನ್ನು ತೊಂಬತ್ತು ವರ್ಷಗಳ ಹಿಂದೆಯೇ ಒಂದು ಕಾರ್ಟೂನು ಹೇಳಿತ್ತು. ಅದೇ ವರ್ಷ ಕ್ಯಾಬ್ ಕ್ಯಾಲೋವೇ ಎಂಬ ಕಪ್ಪು ಗಾಯಕನ ನೃತ್ಯವನ್ನು ಕ್ಯಾಮೆರಾದಲ್ಲಿ ಹಿಡಿದು, ಅದರ ಮೇಲೆ ಗೆರೆ ಎಳೆದು, ಬೆಟ್ಟಿಯ ಇನ್ನೊಂದು ಚಿತ್ರದಲ್ಲಿ ವಾಲ್ರಸ್ ಭೂತವೊಂದನ್ನು ಕುಣಿಸಿದರು. ಇದು ಮಕ್ಕಳಾಟವೇ?

೧೯೩೪ರಲ್ಲಿ ಕತ್ತರಿ ಬಂತು. ಬೆಟ್ಟಿಯ ಲಂಗ ಮೊಣಕಾಲಿನತ್ತ ಇಳಿಯಿತು, ರವಿಕೆ ಕತ್ತಿನತ್ತ ಏರಿತು. ಜಾಜ್ ಕುಣಿತದ ಹುಡುಗಿ ನಾಯಿಮರಿ ಸಾಕಿಕೊಂಡು ಮನೆ ಗುಡಿಸುವ ಸುಶೀಲೆಯಾದಳು. ೧೯೩೯ರಲ್ಲಿ ಅವಳ ಚಿತ್ರಮಾಲೆಯೇ ಮುಗಿಯಿತು.

ಈ ಕತ್ತರಿ ಎಲ್ಲಿಂದ ಬಂತು? ೧೯೧೫ರಲ್ಲಿ ಓಹಾಯೋ ರಾಜ್ಯದ ಸೆನ್ಸಾರಿನ ವಿರುದ್ಧ ಒಂದು ಸಿನಿಮಾ ಕಂಪನಿ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಸಿನಿಮಾ ಎನ್ನುವುದು ಶುದ್ಧ ವ್ಯಾಪಾರ, ಅದಕ್ಕೆ ವಾಕ್ ಸ್ವಾತಂತ್ರ್ಯದ ರಕ್ಷಣೆ ಇಲ್ಲ ಎಂದು ನ್ಯಾಯಮೂರ್ತಿಗಳು ಒಮ್ಮತದಿಂದ ತೀರ್ಪಿತ್ತರು. ರಾಜ್ಯಕ್ಕೊಂದು ಕತ್ತರಿಯ ಭಯ ಹುಟ್ಟಿತು. ೧೯೨೨ರಲ್ಲಿ ಸ್ಟುಡಿಯೋ ಧಣಿಗಳು ಸಂಘ ಕಟ್ಟಿ ವಿಲ್ ಹೇಸ್ ಎಂಬ ರಾಜಕಾರಣಿಯನ್ನು ತಲೆಯಾಳಾಗಿ ಕೂರಿಸಿದರು. ೧೯೩೦ರಲ್ಲಿ ನೀತಿಸಂಹಿತೆ ಬಂತು. ಬರೆದವರು ಒಬ್ಬ ಪಾದ್ರಿ, ಒಬ್ಬ ಪತ್ರಿಕೆಯ ಮಾಲೀಕ. ನಾಲ್ಕು ವರ್ಷ ಅದು ಕಾಗದದ ಹುಲಿ. ೧೯೩೪ರಲ್ಲಿ ಕ್ಯಾಥೊಲಿಕ್ ಸಂಘಟನೆಗಳು ಬಹಿಷ್ಕಾರದ ಬೆದರಿಕೆ ಹಾಕಿದವು. ಆಗ ಜೋಸೆಫ್ ಬ್ರೀನ್ ಎಂಬಾತನ ಕೈಗೆ ಕತ್ತರಿ ಸಿಕ್ಕಿತು. ಅವನ ಮುದ್ರೆಯಿಲ್ಲದೆ ಚಿತ್ರ ಬಿಟ್ಟರೆ ೨೫,೦೦೦ ಡಾಲರ್ ದಂಡ!

ಕತ್ತರಿಸಿದ್ದು ಬರೀ ಅಶ್ಲೀಲವನ್ನು ಎಂದುಕೊಂಡಿರಾ? ಕಪ್ಪು ಬಿಳಿಯರ ಪ್ರೇಮ ತೆರೆಯ ಮೇಲೆ ಬರಕೂಡದು ಎಂದು ಸಂಹಿತೆಯಲ್ಲೇ ಬರೆದಿತ್ತು. ಆನಾ ಮೇ ವಾಂಗ್ ಲಾಸ್ ಏಂಜಲಿಸಿನಲ್ಲೇ ಹುಟ್ಟಿದ ಚೀನೀ ಮೂಲದ ನಟಿ. ೧೯೩೭ರ ‘ದಿ ಗುಡ್ ಅರ್ತ್’ ಚೀನಾದ ರೈತರ ಕತೆ. ರೈತನ ಪಾತ್ರಕ್ಕೆ ಬಿಳಿಯ ನಟ ಪಾಲ್ ಮುನಿ. ಆ ಸಂಹಿತೆಯ ನೆರಳಿನಲ್ಲಿ ಅವನ ಹೆಂಡತಿಯಾಗಿ ವಾಂಗ್ ನಿಲ್ಲುವುದುಂಟೇ? ಪಾತ್ರ ಬಿಳಿಯ ನಟಿ ಲೂಯಿಸ್ ರೈನರ್ ಪಾಲಾಯಿತು. ಆಸ್ಕರೂ ಅವಳ ಪಾಲಾಯಿತು. ಸಿಂಕ್ಲೇರ್ ಲೂಯಿಸ್ ಅಮೆರಿಕದಲ್ಲೂ ಸರ್ವಾಧಿಕಾರ ಬಂದೀತು ಎಂದು ಕಾದಂಬರಿ ಬರೆದ. ಬ್ರೀನ್ ಕಚೇರಿ ಎಚ್ಚರಿಕೆಯ ಪತ್ರ ಬರೆಯಿತು. ೧೯೩೬ರಲ್ಲಿ ಎಂಜಿಎಂ ಆ ಚಿತ್ರವನ್ನೇ ಕೈಬಿಟ್ಟಿತು. ಆದರೆ ಕಪ್ಪು ಜನರನ್ನು ದಪ್ಪ ತುಟಿಯ ಪೆದ್ದರಂತೆ ಬರೆದು ನಗಿಸುವ ಕಾರ್ಟೂನುಗಳು? ಅವು ಮುದ್ರೆ ಹೊತ್ತು ಮೆರೆದವು! ಇದು ನೀತಿಯೋ, ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಹಾಕಿದ ಬರೆಯೋ?

ಈಗ ಒಂದು ಘಳಿಗೆ ಕಣ್ಣು ಮುಚ್ಚಿ. ೧೯೧೫ರ ಆ ತೀರ್ಪು ತಿರುವುಮುರುವಾಗಿ ಬಂದಿದ್ದರೆ? ಸಿನಿಮಾವೂ ಪುಸ್ತಕದಂತೆ ಮಾತೇ ಎಂದು ಕೋರ್ಟು ಹೇಳಿದ್ದರೆ? ಬೆಟ್ಟಿ ಬೂಪ್ ತನ್ನ ತುಂಡು ಲಂಗದಲ್ಲೇ ಬೆಳೆದು ನಿಲ್ಲುತ್ತಿದ್ದಳೇನೋ. ದೊಡ್ಡವರ ಸುಖದುಃಖ ಹೇಳುವ ಕಾರ್ಟೂನಿಗೆ ಅಮೆರಿಕ ೧೯೭೨ರ ‘ಫ್ರಿಟ್ಜ್ ದಿ ಕ್ಯಾಟ್’ವರೆಗೆ ಕಾಯಬೇಕಿರಲಿಲ್ಲವೇನೋ. ವಾಂಗ್ ರೈತನ ಹೆಂಡತಿಯಾಗುತ್ತಿದ್ದಳು. ಹಿಟ್ಲರನ ಮುಖಕ್ಕೆ ಕನ್ನಡಿ ಹಿಡಿಯುವ ಧೈರ್ಯ ೧೯೩೯ಕ್ಕೆ ಬಹಳ ಮೊದಲೇ ಹಾಲಿವುಡ್ಡಿಗೆ ಬರುತ್ತಿತ್ತು.

ಕನಸು ಚೆನ್ನಾಗಿದೆ. ಆದರೆ ನಮಗೆ ನಾವೇ ಟೋಪಿ ಹಾಕಿಕೊಳ್ಳುವುದು ಬೇಡ. ಬ್ರೀನ್ ಸರ್ಕಾರಿ ನೌಕರನಲ್ಲ, ಸ್ಟುಡಿಯೋಗಳೇ ಸಂಬಳ ಕೊಟ್ಟು ಸಾಕಿದ ಆಸಾಮಿ! ಧಣಿಗಳಿಗೆ ಕೋರ್ಟಿನ ಭಯ ಇಲ್ಲದಿದ್ದರೂ ಗಲ್ಲಾಪೆಟ್ಟಿಗೆಯ ಭಯ ಇದ್ದೇ ಇತ್ತು. ಚರ್ಚು ಬಹಿಷ್ಕರಿಸಿದರೆ? ಜರ್ಮನಿಯ ಮಾರುಕಟ್ಟೆ ಕೈತಪ್ಪಿದರೆ? ತೀರ್ಪು ಬದಲಾಗಿದ್ದರೂ ಈ ಲೆಕ್ಕ ಬದಲಾಗುತ್ತಿರಲಿಲ್ಲ. ಸಾಕ್ಷಿ ಬೇಕೇ? ೧೯೫೨ರಲ್ಲಿ ಅದೇ ಸುಪ್ರೀಂ ಕೋರ್ಟು ತನ್ನ ಹಳೆಯ ತೀರ್ಪನ್ನು ತಾನೇ ಅಳಿಸಿತು. ಸಂಹಿತೆ ಆಗಲೇ ಸತ್ತಿತೇ? ಇಲ್ಲ, ಮತ್ತೂ ಹದಿನಾರು ವರ್ಷ, ೧೯೬೮ರವರೆಗೆ ಉಸಿರಾಡಿತು. ಅದರ ಸೊಂಟ ಮುರಿಯುವುದರಲ್ಲಿ ಪ್ರೇಕ್ಷಕರ ಪಾಲೂ ಇದೆ. ೧೯೫೩ರ ‘ದಿ ಮೂನ್ ಈಸ್ ಬ್ಲೂ’, ೧೯೫೯ರ ‘ಸಮ್ ಲೈಕ್ ಇಟ್ ಹಾಟ್’ ಮುದ್ರೆಯಿಲ್ಲದೆ ಬಂದವು. ಜನ ಟಿಕೆಟ್ ಕೊಂಡು ಒಳಗೆ ಕೂತರು. ಮುದ್ರೆಯ ದರ್ಬಾರು ಅಲ್ಲಿ ಜರ್ರನೆ ಇಳಿಯಿತು.

ಇದೆಲ್ಲ ಅಮೆರಿಕದ ಗೋಳು, ನಮಗೇನು ಅನ್ನಬೇಡಿ. ನಮ್ಮ ‘ಸಂಸ್ಕಾರ’ವನ್ನು ಮರೆತಿರಾ? ಗಲಭೆಯಾದೀತು ಎಂದು ಸೆನ್ಸಾರಿನವರು ಅದಕ್ಕೆ ಅನುಮತಿಯನ್ನೇ ಕೊಡಲಿಲ್ಲ. ಕೊನೆಗೆ ಕೇಂದ್ರ ಸಚಿವಾಲಯ ತಡೆ ತೆಗೆಯಿತು. ೧೯೭೦ರ ಆ ಚಿತ್ರಕ್ಕೇ ರಾಷ್ಟ್ರದ ಸ್ವರ್ಣಕಮಲ ಬಂತು, ಕನ್ನಡಕ್ಕೆ ಮೊದಲ ಸಲ! ಅದೇ ೧೯೭೦ರಲ್ಲಿ ಕೆ.ಎ. ಅಬ್ಬಾಸ್ ಸೆನ್ಸಾರನ್ನೇ ಪ್ರಶ್ನಿಸಿದಾಗ ನಮ್ಮ ಸುಪ್ರೀಂ ಕೋರ್ಟು ಕತ್ತರಿಯನ್ನು ಎತ್ತಿಹಿಡಿಯಿತು.

ಆದ್ದರಿಂದ ಯುವಕರೇ, ಯುವತಿಯರೇ, ಎರಡು ಕತ್ತರಿಗಳ ಮೇಲೂ ಕಣ್ಣಿಡಿ. ಒಂದು ಸರ್ಕಾರದ್ದು, ಅದು ಕಾಣುತ್ತದೆ. ಇನ್ನೊಂದು ಥೈಲಿಯದ್ದು, ಅದು ಕಾಣುವುದೇ ಇಲ್ಲ. ೧೯೩೩ರ ‘ಬೇಬಿ ಫೇಸ್’ ಚಿತ್ರದಿಂದ ಕಿತ್ತೆಸೆದ ಭಾಗಗಳು ಮತ್ತೆ ಕೈಗೆ ಸಿಕ್ಕಿದ್ದು ೨೦೦೪ರಲ್ಲಿ, ಎಪ್ಪತ್ತು ವರ್ಷ ಕಳೆದ ಮೇಲೆ! ಅಷ್ಟು ಕಾಲ ಕಾಯುವ ಪಾಡು ನಮಗೆ ಬೇಡ. ನಿಮ್ಮ ಒಳ್ಳೆಯದಕ್ಕೇ ಕತ್ತರಿಸಿದೆವು ಎಂದು ಯಾರೇ ಹೇಳಲಿ, ಮುಖಕ್ಕೆ ಮುಖ ಕೊಟ್ಟು ಕೇಳಿ: ಸ್ವಾಮಿ, ಕತ್ತರಿಸಿದ ಆ ತುಂಡನ್ನು ಮೊದಲು ತೋರಿಸಿ. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು, ನಾವೇ ನೋಡಿಕೊಳ್ಳುತ್ತೇವೆ!