ಎಎಫ್‌ಪಿ ಸಂಖ್ಯೆ ನೋಡಿ ಆಯುಷ್ಯ ಹೇಳಬಹುದೇ?

ಲಿವರ್ ಕ್ಯಾನ್ಸರ್‌ಗೆ ಆಪರೇಷನ್ ಆಗಿ ಮೂರು ವಾರ. ರಕ್ತಪರೀಕ್ಷೆಯ ರಿಪೋರ್ಟ್ ಮನೆಯವರ ವಾಟ್ಸಾಪ್ ಗ್ರೂಪಿಗೆ ಬರುತ್ತದೆ: ಎಎಫ್‌ಪಿ 400. ‘400 ದಾಟಿದರೆ ಆಸೆ ಇಲ್ಲ’ ಎಂಬ ಫಾರ್ವರ್ಡ್ ಯಾರೋ ಹಾಕುತ್ತಾರೆ. ಇದು ನಿಜವೇ?

ಎಎಫ್‌ಪಿ, ಅಂದರೆ ಆಲ್ಫಾ ಫೀಟೋಪ್ರೋಟೀನ್, ಗರ್ಭದಲ್ಲಿರುವ ಮಗುವಿನ ಲಿವರ್ ತಯಾರಿಸುವ ಪ್ರೋಟೀನು. ಹುಟ್ಟಿದ ಮೇಲೆ ಇಳಿಯುತ್ತಾ ಹೋಗಿ, ದೊಡ್ಡವರಲ್ಲಿ ಮಿಲಿಲೀಟರ್ ರಕ್ತಕ್ಕೆ ಸುಮಾರು 10 ನ್ಯಾನೋಗ್ರಾಂ ಒಳಗೇ ಇರುತ್ತದೆ. ಲಿವರ್ ಕೋಶಗಳು ಕ್ಯಾನ್ಸರ್‌ಗೆ ತಿರುಗಿದಾಗ ಹಲವರಲ್ಲಿ ಈ ಹಳೆಯ ಕೆಲಸ ಮತ್ತೆ ಶುರುವಾಗುತ್ತದೆ.

ಅದರಲ್ಲಿ ಭವಿಷ್ಯದ ಸುಳಿವು ಇರುವುದು ನಿಜ. ಚಿಕಿತ್ಸೆಗೆ ಮುಂಚೆಯೇ ಎಎಫ್‌ಪಿ ತುಂಬಾ ಹೆಚ್ಚಿದ್ದವರಲ್ಲಿ ಕ್ಯಾನ್ಸರ್ ಮರುಕಳಿಸುವುದು ಹೆಚ್ಚು, ಬದುಕಿದ ಕಾಲ ಸರಾಸರಿಯಲ್ಲಿ ಕಡಿಮೆ. ಆದರೆ ಅದು ನೂರಾರು ರೋಗಿಗಳ ಒಟ್ಟು ಲೆಕ್ಕ; ನಿಮ್ಮ ಅಪ್ಪನ ಜಾತಕವೇನಲ್ಲ. ಗಡ್ಡೆಗಳು ಎಷ್ಟಿದ್ದವು, ರಕ್ತನಾಳದೊಳಗೆ ನುಗ್ಗಿದ್ದವೇ, ಉಳಿದ ಲಿವರ್ ಎಷ್ಟು ಗಟ್ಟಿ ಇದೆ ಎಂಬುದೂ ಅಷ್ಟೇ ಮುಖ್ಯ.

ಚಿಕಿತ್ಸೆಯ ನಂತರವಂತೂ ನೋಡಬೇಕಾದ್ದು ಸಂಖ್ಯೆ ಯಾವ ಕಡೆಗೆ ಹೋಗುತ್ತಿದೆ ಎಂಬುದನ್ನು. ರಕ್ತದಲ್ಲಿರುವ ಎಎಫ್‌ಪಿ ಅರ್ಧಕ್ಕೆ ಇಳಿಯಲು 5ರಿಂದ 7 ದಿನ ಬೇಕು. ಗಡ್ಡೆಯನ್ನು ಪೂರ್ತಿ ತೆಗೆದರೂ ಮೊದಲು 3200 ಇದ್ದದ್ದು ವಾರಕ್ಕೆ 1600, ಎರಡನೇ ವಾರಕ್ಕೆ 800, ಮೂರನೇ ವಾರಕ್ಕೆ 400 ಆದೀತು. ಹತ್ತರ ಒಳಗೆ ಬರಲು ಸುಮಾರು ಎರಡು ತಿಂಗಳೇ ಹಿಡಿಯುತ್ತದೆ. ಅಂದರೆ ಗ್ರೂಪಿನಲ್ಲಿ ಎಲ್ಲರನ್ನೂ ಅಳಿಸಿದ ಆ 400 ಒಳ್ಳೆಯ ಸುದ್ದಿಯೇ ಇರಬಹುದು! ಇನ್ನೊಬ್ಬರಲ್ಲಿ 8 ಇದ್ದದ್ದು 40, ಆಮೇಲೆ 120 ಆದರೆ, 400ಕ್ಕಿಂತ ಎಷ್ಟೋ ಕಡಿಮೆ ಇದ್ದರೂ, ವೈದ್ಯರು ಬೇಗ ಸ್ಕ್ಯಾನ್ ಮಾಡಿಸುತ್ತಾರೆ. ಹಾಗೆ ಏರಿದ್ದೆಲ್ಲ ಕ್ಯಾನ್ಸರೇ ಆಗಿರಬೇಕಿಲ್ಲ. ಹೆಪಟೈಟಿಸ್ ಉಲ್ಬಣಿಸಿದರೂ ಏರುತ್ತದೆ.

ನಾರ್ಮಲ್ ಎಂದ ಮಾತ್ರಕ್ಕೆ ನಿಶ್ಚಿಂತೆಯೂ ಅಲ್ಲ. ಲಿವರ್ ಕ್ಯಾನ್ಸರ್ ಇರುವ ಸುಮಾರು ಮೂವರಲ್ಲಿ ಒಬ್ಬರಿಗೆ ಎಎಫ್‌ಪಿ ಏರುವುದೇ ಇಲ್ಲ. ಮೊದಲೇ ಏರಿರದಿದ್ದರೆ, ಚಿಕಿತ್ಸೆಯ ನಂತರದ ‘ನಾರ್ಮಲ್’ ಹೆಚ್ಚೇನೂ ಹೇಳುವುದಿಲ್ಲ. ಅಂಥವರಿಗೆ ಸ್ಕ್ಯಾನೇ ಆಧಾರ. ಕೆಲವು ಕಡೆ ಪಿವ್ಕಾ-2 ಎಂಬ ಇನ್ನೊಂದು ಮಾರ್ಕರ್ ಕೂಡ ನೋಡುತ್ತಾರೆ; ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಅದು ಸುಮ್ಮನೆ ಏರುತ್ತದೆ. ಆದ್ದರಿಂದ ವೈದ್ಯರ ಬಳಿ ಹೋಗುವಾಗ ಮಾತ್ರೆಗಳ ಚೀಟಿಯ ಜೊತೆಗೆ ಚಿಕಿತ್ಸೆಗೆ ಮುಂಚಿನ ರಿಪೋರ್ಟನ್ನೂ ಒಯ್ಯಿರಿ. ಸಾಧ್ಯವಾದರೆ ಪ್ರತಿ ಬಾರಿ ಒಂದೇ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ. ಲ್ಯಾಬು ಬದಲಾದರೆ ಅಳತೆಯಲ್ಲೂ ಸ್ವಲ್ಪ ವ್ಯತ್ಯಾಸ ಬರುತ್ತದೆ.