ಹತ್ತಿಯ ಹರಳಿಗೆ ಚಿಟಿಕೆ ಉಪ್ಪು



ಹೋದ ತಿಂಗಳು ನಮ್ಮ ಕಟ್ಟಡದ ಹುಡುಗನೊಬ್ಬ ಸಪ್ಪೆ ಮುಖ ಮಾಡಿಕೊಂಡು ಮನೆಗೆ ಬಂದ. ಎಂ.ಎಸ್ಸಿ. ಕೊನೆಯ ವರ್ಷ. ಹೆಸರು ಹೇಳುವುದಿಲ್ಲ, ಅವನೂ ಈ ಪತ್ರಿಕೆ ಓದುತ್ತಾನೆ. "ಆಂಟಿ, ನನ್ನ ಮೂರು ವಾರದ ಕೆಲಸ ಮೊಸರಾಯಿತು" ಎಂದ. ಪ್ರಯೋಗದ ಬಾಟಲಿಯಲ್ಲಿದ್ದ ತಿಳಿ ದ್ರವ ನಿಜಕ್ಕೂ ಒಡೆದ ಹಾಲಿನಂತೆ ಗಂಟುಗಂಟಾಗಿತ್ತಂತೆ. ಪ್ರಾಜೆಕ್ಟು ಬಿಟ್ಟು ಬ್ಯಾಂಕ್ ಪರೀಕ್ಷೆ ಕಟ್ಟುತ್ತೇನೆ ಎನ್ನುವವರೆಗೂ ಮಾತು ಹೋಯಿತು. ಇಂಗ್ಲಿಷ್ ಬಿ.ಎ. ಮಾಡಿದ ನನಗೆ ರಸಾಯನಶಾಸ್ತ್ರ ಎಲ್ಲಿಂದ ಬರಬೇಕು? ಆದರೂ ಎರಡನೇ ಲೋಟ ಕಾಫಿ ಮುಗಿಯುವ ಹೊತ್ತಿಗೆ ಅವನು ಹೇಳಿದ್ದರಲ್ಲಿ ಅರ್ಧ ನನಗೆ ಗೊತ್ತಿದ್ದದ್ದೇ ಅನ್ನಿಸಿತು.

ನಾವು ಉಡುವ ಹತ್ತಿಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಸೆಲ್ಯುಲೋಸ್. ಅದನ್ನು ಬಲವಾದ ಗಂಧಕಾಮ್ಲದಲ್ಲಿ ಹದವಾಗಿ ಬಿಸಿ ಮಾಡಿದರೆ ಸಡಿಲ ಭಾಗ ಕರಗಿ, ಗಟ್ಟಿ ಹರಳುಗಳು ಉಳಿಯುತ್ತವೆ. ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲಿಗೆ ನ್ಯಾನೋಮೀಟರ್ ಎನ್ನುತ್ತಾರೆ. ಈ ಹರಳುಗಳ ಅಗಲ ಸುಮಾರು 5ರಿಂದ 10, ಉದ್ದ 100ರಿಂದ 300 ನ್ಯಾನೋಮೀಟರ್. ಕಾಗದಕ್ಕೆ, ಪ್ಲಾಸ್ಟಿಕ್ಕಿಗೆ ಬೆರೆಸಿದರೆ ಬಲ ಕೊಡುತ್ತವೆ. ಆಮ್ಲವು ಅವುಗಳ ಮೈಮೇಲೆ ಋಣ ವಿದ್ಯುದಂಶ ಬಿಟ್ಟುಹೋಗುವುದರಿಂದ ನೀರಿನಲ್ಲಿ ಒಂದನ್ನೊಂದು ದೂರ ತಳ್ಳುತ್ತ ತೇಲುತ್ತಿರುತ್ತವೆ.

ಮಳೆಗಾಲದಲ್ಲಿ ದಾದರ್ ಸೇತುವೆಯ ಮೇಲೆ ಎಲ್ಲರೂ ಕೊಡೆ ಬಿಚ್ಚಿಕೊಂಡು ನಡೆಯುವುದನ್ನು ನೆನೆಸಿಕೊಳ್ಳಿ. ಕೊಡೆಯ ಅಗಲದಷ್ಟಾದರೂ ಅಂತರ ಉಳಿಯುತ್ತದೆ. ಉಪ್ಪು ಆ ಕೊಡೆಗಳನ್ನು ಮಡಿಸಿಬಿಡುತ್ತದೆ! ಉಪ್ಪಿನ ಧನ ಅಂಶಗಳು ಹರಳನ್ನು ಸುತ್ತುವರಿದು ಅದರ ವಿದ್ಯುತ್ತನ್ನು ಮರೆಮಾಡುತ್ತವೆ. ಹತ್ತಿರ ಬಂದ ಹರಳುಗಳು ಅಂಟಿಕೊಳ್ಳುತ್ತವೆ. ಸೋಡಿಯಂಗೆ ಒಂದು ಧನ ಅಂಶ, ಕ್ಯಾಲ್ಸಿಯಂಗೆ ಎರಡು, ಅಲ್ಯೂಮಿನಿಯಂಗೆ ಮೂರು. ಆದರೆ ಅವುಗಳ ಶಕ್ತಿ ಒಂದು, ಎರಡು, ಮೂರು ಎಂದು ಏರುವುದಿಲ್ಲ, ಹತ್ತಾರು ಪಟ್ಟು ಏರುತ್ತದೆ. ಶುಲ್ಜ್ 1882ರಲ್ಲಿ, ಹಾರ್ಡಿ 1900ರಲ್ಲಿ ಕಂಡ ನಿಯಮವಿದು. ನಮ್ಮಜ್ಜಿ ಅವರ ಹೆಸರು ಕೇಳಿರಲಿಲ್ಲ. ಕೆರೆಯ ಕೆಂಪು ನೀರಿನ ಕೊಡದಲ್ಲಿ ಪಟಿಕದ ತುಂಡನ್ನು ಎರಡು ಸುತ್ತು ಆಡಿಸಿ ಕೆಸರು ಇಳಿಸುತ್ತಿದ್ದಳು. ಪಟಿಕದಲ್ಲಿರುವುದು ಅದೇ ಅಲ್ಯೂಮಿನಿಯಂ. ಠಾಣೆ ಖಾಡಿಯಲ್ಲಿ ಫ್ಲೆಮಿಂಗೋಗಳು ಮೇಯುವ ಕೆಸರೂ ಸ್ವಲ್ಪಮಟ್ಟಿಗೆ ಹೀಗೆಯೇ, ಸಮುದ್ರದ ಉಪ್ಪು ತಾಗಿ ಕೂಡಿಕೊಂಡ ಮಣ್ಣು.

ನಮ್ಮ ಹುಡುಗ ಮಾಡಿದ್ದೇನು ಗೊತ್ತೇ? ಡಿಸ್ಟಿಲ್ಡ್ ನೀರು ಮುಗಿದಿತ್ತೆಂದು ಕ್ಯಾನಿನಲ್ಲಿದ್ದ ಬೋರ್‌ವೆಲ್ ನೀರು ಸುರಿದಿದ್ದ. ಸಾಬೂನಿಗೆ ನೊರೆ ಬರಿಸದ ಆ ಗಡಸು ನೀರಿನ ತುಂಬ ಕ್ಯಾಲ್ಸಿಯಂ! ಯಾರನ್ನೂ ಕೇಳಲು ನಾಚಿಕೆಯಾಯಿತಂತೆ. (ಕೇಳಲು ನಾಚುವ ಈ ಕಾಯಿಲೆ ನಿಮ್ಮ ತಲೆಮಾರಿಗೆ ಎಲ್ಲಿಂದ ಅಂಟಿತೋ.)

ಉಪ್ಪು ಶತ್ರು ಎಂದುಕೊಳ್ಳಬೇಡಿ. ಈ ಹರಳಿನ ನೀರಿನಲ್ಲಿ ನೂರು ಲೀಟರಿಗೆ ಹರಳಿರುವುದು ಕೆಲವೇ ಕಿಲೋ, ಮಿಕ್ಕದ್ದೆಲ್ಲ ನೀರು. ಅಷ್ಟು ನೀರು ಹೊತ್ತು ಸಾಗಿಸುವವರು ಯಾರು? ಒಣಗಿಸಿ ಪುಡಿ ಮಾಡಬೇಕು. ಆಮ್ಲದ ಗುಣ ಉಳಿದ ಹರಳನ್ನು ಪೂರ್ತಿ ಒಣಗಿಸಿದರೆ ಮತ್ತೆ ನೀರಿಗೆ ಹಾಕಿದಾಗ ಬಿಡಿಸಿಕೊಳ್ಳುವುದಿಲ್ಲ. ಒಣಗಿಸುವ ಮುಂಚೆ ಆಮ್ಲದ ಅಂಶದ ಜಾಗದಲ್ಲಿ ಸೋಡಿಯಂ ಕೂರಿಸಿದರೆ ಬಿಡಿಸಿಕೊಳ್ಳುತ್ತದೆ. ಕೆನಡಾದ ಸಂಶೋಧಕರು 2012ರಲ್ಲಿ ಇದನ್ನು ವಿವರವಾಗಿ ತೋರಿಸಿದರು. ಜಾಸ್ತಿಯಾದರೆ ಗಂಟು ಹಾಕುವ ಸೋಡಿಯಂ, ಹದವಾಗಿದ್ದರೆ ಗಂಟು ತಪ್ಪಿಸುತ್ತದೆ.

ನನಗೆ ಇದರಲ್ಲಿ ಆಸಕ್ತಿ ಬರಲು ಕಾರಣ ಬೇರೆ. ನಮ್ಮಪ್ಪ ಹಾವೇರಿ ಕಡೆ ಹತ್ತಿ ಬೆಳೆದವರು. ಅರಳೆ ತೆಗೆದ ಮೇಲೆ ಬೀಜಕ್ಕೆ ಅಂಟಿರುವ ಗಿಡ್ಡ ನೂಲಿಗೆ ಅವರಿಗೆ ಯಾರೂ ಬೆಲೆ ಕಟ್ಟಿರಲಿಲ್ಲ. ಆ ನೂಲೇ ಇಂದು ನ್ಯಾನೋಸೆಲ್ಯುಲೋಸಿನ ಕಚ್ಚಾಮಾಲು. ನಾವು ಮೈಸೂರು ಅಸೋಸಿಯೇಷನ್ನಿನ ನಾಟಕಕ್ಕೆಂದು ಹೋಗುವ ಅದೇ ಮಾಟುಂಗಾದಲ್ಲಿ, 1924ರಲ್ಲಿ ಆರಂಭವಾದ ಕೇಂದ್ರ ಹತ್ತಿ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಸರ್ಕಾಟ್, ಇದೆ. 2015ರಲ್ಲಿ ಅಲ್ಲಿ ನ್ಯಾನೋಸೆಲ್ಯುಲೋಸ್ ತಯಾರಿಸುವ ಪ್ರಾಯೋಗಿಕ ಘಟಕವೇ ಶುರುವಾಯಿತು. ಇಷ್ಟು ವರ್ಷ ಆ ಗೇಟಿನ ಮುಂದೆ ಓಡಾಡಿದರೂ ನಾನು ಬೋರ್ಡು ಓದಿರಲಿಲ್ಲ.

ಹುಡುಗ ಕೊನೆಗೆ ತನ್ನ ಗೈಡನ್ನು ಕೇಳಿದ. ಅವರು ಬೈಯಲಿಲ್ಲವಂತೆ. ಮೊಸರನ್ನು ತೆಳು ಪೊರೆಯ ಚೀಲದಲ್ಲಿ ಕಟ್ಟಿ ಶುದ್ಧ ನೀರಿನಲ್ಲಿ ಮುಳುಗಿಸಿ, ದಿನಾ ನೀರು ಬದಲಿಸು ಎಂದರು. ಉಪ್ಪು ಪೊರೆ ದಾಟಿ ಹೊರಬರುತ್ತದೆ, ಹರಳು ಒಳಗೇ ಉಳಿಯುತ್ತದೆ. ಹೋದ ಭಾನುವಾರ ಬಾಟಲಿಯನ್ನು ನನಗೆ ತೋರಿಸಲೆಂದೇ ತಂದಿದ್ದ. ತಳದಲ್ಲಿ ಇನ್ನೂ ಸ್ವಲ್ಪ ಗಂಟು ಇದೆ. ಮೇಲೆಲ್ಲ ತಿಳಿ, ಕಿಟಕಿಯ ಬೆಳಕಿಗೆ ಹಿಡಿದರೆ ತುಸು ನೀಲಿ.